ಎಡಮನೆಯ ಕೂಗು

ನಮ್ಮ ಊರಿನಲ್ಲಿ ಅಡಿಗೆ ಮಾಡುವವರಿಗೆ ಅಡಿಗೆಯ ವಾಸನೆ ಬರುವುದಿಲ್ಲ. ಅದು ಎಡಗಡೆಯ ಮನೆಗೆ ಹೋಗುತ್ತದೆ. ಯಾಕೆ ಅಂತ ಕೇಳಬೇಡಿ, ಬಲಗಡೆಗೆ ಯಾಕೆ ಹೋಗುವುದಿಲ್ಲ ಅಂತಲೂ ಕೇಳಬೇಡಿ. ಬೇರೆ ಊರಿನಿಂದ ಬಂದ ನೆಂಟರೆಲ್ಲ ಇದನ್ನೇ ಕೇಳಿ ಕೇಳಿ ನಮಗೆ ಸಾಕಾಗಿಹೋಗಿದೆ. ಬಲಗಡೆ ಮನೆಯವರು ಬೋಂಡ ಕರಿದ ದಿನ ನಮ್ಮನೆಯ ತಿಳಿಸಾರಿಗೂ ಒಂದು ತುತ್ತು ಹೆಚ್ಚಾಗಿ ಅನ್ನ ಹೋಗುತ್ತದೆ. ಅವರು ಒಣಮೀನು ಹುರಿದ ದಿನ ಅಪ್ಪ ತಟ್ಟೆ ಹಿಡಿದುಕೊಂಡು ಜಗಲಿಗೆ ಹೋಗಿ ಕೂರುತ್ತಾರೆ. ಇಷ್ಟೇ ವಿಷಯ.

ತೊಂದರೆ ಇರುವುದು ಒಲೆಯ ಮುಂದೆ ನಿಂತವರಿಗೆ. ಸಾರಿನ ಹಸಿವಾಸನೆ ಹೋಯಿತೋ ಇಲ್ಲವೋ, ಅನ್ನದ ತಳ ಹತ್ತಿತೋ ಇಲ್ಲವೋ ಅವರಿಗೆ ತಿಳಿಯುವುದಿಲ್ಲ. ತಿಳಿಯುವುದು ಎಡಮನೆಯವರಿಗೆ. ಆದ್ದರಿಂದ ಎಡಮನೆಯವರು ಕೂಗಬೇಕು. ಇಳಿಸಿ, ಉರಿ ಸಣ್ಣ ಮಾಡಿ, ತಳ ಹತ್ತಿತು, ಹೀಗೆ. ಇದು ನಮ್ಮೂರಿನ ದೊಡ್ಡ ಧರ್ಮ. ಹೆಣ್ಣು ಕೊಡುವವರು ಹುಡುಗನ ಕೆಲಸದ ವಿಚಾರ ಆಮೇಲೆ ತೆಗೆಯುತ್ತಾರೆ, ಮೊದಲು ಅವನ ಮನೆಯ ಎಡಗಡೆ ಯಾರಿದ್ದಾರೆ ಅಂತ ವಿಚಾರಿಸುತ್ತಾರೆ. ಬೀದಿಯ ಕೊನೆಯ ಮನೆಯ ವಾಸನೆ ಬಯಲಿಗೆ ಹೋಗುತ್ತದೆ. ಅಲ್ಲಿ ಮೇಯುವ ಎಮ್ಮೆಗಳು ಕೂಗಿ ಹೇಳುವುದಿಲ್ಲವಾದ್ದರಿಂದ ಆ ಮನೆಯಲ್ಲಿ ಬಾಡಿಗೆಯವರು ಯಾರೂ ನಿಲ್ಲುವುದಿಲ್ಲ. ಇನ್ನು ಮೂಗು ಸರಿಯಿಲ್ಲದವರಿಗೆ ಈ ಬೀದಿಯಲ್ಲಿ ಮನೆಯೇ ಇಲ್ಲ. ಹಾಗಂತ ಬೀದಿ ಸಮಿತಿಯ ಬೋರ್ಡಿನಲ್ಲೇ ಬರೆದು ಹಾಕಿದೆ. ಆ ಸಮಿತಿಗೆ ನಮ್ಮ ಅಪ್ಪನೇ ಕಾರ್ಯದರ್ಶಿ. ಬೋರ್ಡಿನ ಅಕ್ಷರಗಳೂ ಅವರವೇ.

ನಮ್ಮ ಎಡಮನೆಯಲ್ಲಿ ಮೊದಲಿದ್ದವರು ಸರ್ವಮಂಗಳಮ್ಮ. ಆಕೆಯ ಮೂಗೆಂದರೆ ಮೂಗು. ಅಮ್ಮ ಸಾರಿಗೆ ಹಾಕಿದ್ದು ಹೊಸ ಹುಣಿಸೆಯೋ ಹಳೆಯದೋ ಅಂತ ಗೋಡೆಯಾಚೆಯಿಂದ ಹೇಳುವ ತಾಕತ್ತಿತ್ತು. ಹೇಳುತ್ತಲೂ ಇದ್ದರು, ಆದರೆ ಅಮ್ಮನಿಗಲ್ಲ, ಬೀದಿಗೆ. ನಮ್ಮನೆಯಲ್ಲಿ ಇವತ್ತೂ ಅದೇ ಬೇಳೆಸಾರು ಅನ್ನುವುದು ನಾವು ಸ್ಕೂಲಿಂದ ಬರುವಾಗ ದಾರಿಯಲ್ಲೇ ಗೊತ್ತಾಗುತ್ತಿತ್ತು. ಆಕೆ ಎದುರು ಸಾಲಿನಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಹೋದಾಗ ಬೀದಿಯವರೆಲ್ಲ ನಮಗೆ ಸಂತಾಪ ಹೇಳಿದರು. ಅಂಥಾ ಮೂಗು ಇನ್ನು ಸಿಗುತ್ತದೆಯೇ ಅಂದರು. ಅಮ್ಮ ಮಾತ್ರ ಆ ದಿನ ಪಾಯಸ ಮಾಡಿದಳು, ಯಾಕೋ.

ಆ ಮನೆಗೆ ಬಂದವರು ಚನ್ನವೀರಯ್ಯ. ತಲೆ ನರೆತ, ಉದ್ದ ಕುತ್ತಿಗೆಯ, ಒಂಟಿ ಮನುಷ್ಯ. ಸಾಮಾನು ಅಂತ ಇದ್ದದ್ದು ಹಗ್ಗ ಬಿಗಿದ ಕೆಲವು ಪೆಟ್ಟಿಗೆಗಳು. ಬಂದು ವಾರಗಳಾದರೂ ಆ ಹಗ್ಗ ಬಿಚ್ಚಲಿಲ್ಲ. ಇದನ್ನು ಮೊದಲು ಗಮನಿಸಿದವನು ನಮ್ಮಣ್ಣ ಶ್ರೀಕಂಠ. ನಾವೆಲ್ಲ ಕಂಠಿ ಅನ್ನುತ್ತೇವೆ. ಅವನು ಆಗ ಪತ್ತೇದಾರಿ ಪುಸ್ತಕ ಓದುವ ವಯಸ್ಸಿನಲ್ಲಿದ್ದ, ಅಂದರೆ ಮನೆಯಲ್ಲಿ ಬಾಚಣಿಗೆ ಕಾಣದಿದ್ದರೂ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ವಿಚಾರಣೆ ಮಾಡುತ್ತಿದ್ದ. ಬಾಚಣಿಗೆ ಅವನ ಜೇಬಿನಲ್ಲೇ ಇರುತ್ತಿತ್ತು, ಆ ಮಾತು ಬೇರೆ. ಹಗ್ಗ ಬಿಚ್ಚದ ಮನುಷ್ಯ ಓಡಿಹೋಗಲು ತಯಾರಾಗಿರುವ ಮನುಷ್ಯ ಅಂತ ಅವನು ತೀರ್ಪು ಕೊಟ್ಟ. ನಾನು, ವಾರಿಜಾ, ಅವನಿಗೆ ಸಹಾಯಕಿ. ಬೇಕು ಅಂತ ಆದದ್ದಲ್ಲ, ಅವನಿಗಿಂತ ಚಿಕ್ಕವಳಾಗಿ ಹುಟ್ಟಿದ್ದಕ್ಕೆ ಆದದ್ದು. ನನಗಿಂತ ಚಿಕ್ಕವಳು ಗುಬ್ಬಿ. ಅವಳನ್ನು ತಂಡಕ್ಕೆ ಸೇರಿಸಿರಲಿಲ್ಲ, ಯಾಕೆಂದರೆ ಚನ್ನವೀರಯ್ಯ ಕೊಟ್ಟ ಸೀಬೆಹಣ್ಣನ್ನು ಅವಳು ತಿಂದುಬಿಟ್ಟಿದ್ದಳು. ಲಂಚ ತಿಂದವರಿಗೆ ತಂಡದಲ್ಲಿ ಜಾಗವಿಲ್ಲ ಅಂದ ಕಂಠಿ.

ನಿಜ ಹೇಳಬೇಕೆಂದರೆ ಅನುಮಾನ ಬರುವಂತೆಯೇ ಇತ್ತು ಆ ಮನುಷ್ಯನ ನಡವಳಿಕೆ. ಅವರ ಹಿತ್ತಿಲಿಗೂ ನಮ್ಮ ಅಡಿಗೆಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅಮ್ಮ ಒಲೆ ಹಚ್ಚಿದಳೋ, ಗೋಡೆಯ ಮೇಲೆ ಆ ಉದ್ದ ಕುತ್ತಿಗೆ ಎದ್ದು ನಿಲ್ಲುತ್ತಿತ್ತು. ನಾವು ನೋಡಿದರೆ ಸೀಬೆ ಎಲೆ ಎಣಿಸುವವರ ಹಾಗೆ ಮುಖ ಮೇಲೆ ಮಾಡುತ್ತಿದ್ದರು. ಒಂದು ದಿನ ಗೋಡೆಗೆ ಕಿವಿ ಹಚ್ಚಿ ನಿಂತಿದ್ದರು. ಇನ್ನೊಂದು ದಿನ ನೋಡಿದರೆ ತಮ್ಮ ಹಿತ್ತಿಲ ಸೀಬೆಮರದ ಕೊಂಬೆಗೆ ಗಡ್ಡ ಕೆರೆಯುವ ಕನ್ನಡಿಯನ್ನು ಕಟ್ಟಿದ್ದಾರೆ. ಕಂಠಿ ಅವರ ಹಿತ್ತಿಲ ಕಟ್ಟೆಯ ಮೇಲೆ ಕೂತು ಆ ಕನ್ನಡಿಯಲ್ಲಿ ಏನು ಕಾಣುತ್ತದೆ ಅಂತ ಪರೀಕ್ಷೆ ಮಾಡಿದ. ಕಂಡದ್ದು ನಮ್ಮ ಒಲೆ. ಒಲೆಯ ಮೇಲಿನ ಪಾತ್ರೆ. ಪಾತ್ರೆಯೊಳಗಿನ ಬೇಳೆ ಕೂಡ.

ಅಂದಮೇಲೆ ಇನ್ನೇನು, ಗೊಜ್ಜಿನ ಕಳ್ಳ ಅಂತ ನಿರ್ಧಾರವಾಯಿತು. ಅಮ್ಮನ ಹುಳಿಯನ್ನದ ಗೊಜ್ಜು ಬೀದಿಗೆ ಪ್ರಸಿದ್ಧ. ಅದಕ್ಕೆ ಏನು ಹಾಕುತ್ತಾಳೆ ಅಂತ ಅವಳು ತನ್ನ ಸ್ವಂತ ಅತ್ತಿಗೆಗೂ ಹೇಳಿರಲಿಲ್ಲ. ಚನ್ನವೀರಯ್ಯ ಅದನ್ನು ಕದ್ದು ನೋಡಿ ಪೇಟೆಯಲ್ಲಿ ಮಾರಲು ಬಂದ ಗೂಢಚಾರ ಅನ್ನುವುದು ಕಂಠಿಯ ವಾದ. ಹಾಗಾದರೆ ಕೂಗುವುದು ಸರಿಯಾಗಿಯೇ ಕೂಗುತ್ತಾರಲ್ಲ ಅಂತ ನಾನು ಕೇಳಿದೆ. ಸಾರು ನೊರೆಗಟ್ಟಿ ಮೇಲೆ ಬಂದ ಕ್ಷಣಕ್ಕೆ ಇಳಿಸಿ ಅಮ್ಮಾ ಅನ್ನುತ್ತಿದ್ದರು. ಸಾಸಿವೆ ಚಟಪಟ ಅಂದ ಕೂಡಲೇ ಉರಿ ಸಣ್ಣ ಮಾಡಿ ಅನ್ನುತ್ತಿದ್ದರು. ನಂಬಿಕೆ ಗಳಿಸುವ ಉಪಾಯ ಅದು, ನಿನಗೆ ಇವೆಲ್ಲ ತಿಳಿಯುವುದಿಲ್ಲ ಅಂದ ಕಂಠಿ. ಅಮ್ಮನಿಗೆ ಎಚ್ಚರ ಹೇಳೋಣ ಅಂತ ಹೋದರೆ ಅವಳು ಇನ್ನೂ ವಿಚಿತ್ರ. ಅಡಿಗೆಮನೆಯ ಕಿಟಕಿಗೆ ಮೊದಲಿನಿಂದ ಒಂದು ಹೂವಿನ ಪರದೆ ಇತ್ತು. ಅದನ್ನು ಒಗೆಯಲು ತೆಗೆದವಳು ಮತ್ತೆ ಹಾಕಿರಲೇ ಇಲ್ಲ. ಸಾಲದ್ದಕ್ಕೆ ಗೋಡೆ ಬದಿಯಲ್ಲಿದ್ದ ಒಲೆಯನ್ನು ಎಳೆದು ಕಿಟಕಿಯ ಕೆಳಗೇ ಇಟ್ಟುಕೊಂಡಿದ್ದಳು. ಬೆಳಕು ಸಾಲದು ಕಣ್ರೋ, ವಯಸ್ಸಾಯಿತು ನನಗೆ ಅಂದಳು. ಪರದೆ ಹಾಕಮ್ಮಾ ಅಂದರೆ ಇನ್ನೂ ಒಣಗಿಲ್ಲ ಅಂದಳು. ಬೇಸಿಗೆಯಲ್ಲಿ.

ಸಾಕ್ಷಿ ಬೇಕಿತ್ತು. ಅಮ್ಮ ಸಂತೆಗೆ ಹೋದ ಒಂದು ಮಧ್ಯಾಹ್ನ ಕಂಠಿ ಬಲೆ ಹಾಸಿದ. ಒಲೆಯ ಸುತ್ತ ಮೊರಗಳನ್ನು ನಿಲ್ಲಿಸಿ ಕಿಟಕಿಯಿಂದ ಏನೂ ಕಾಣದ ಹಾಗೆ ಮಾಡಿದ. ಕಿಟಕಿಯ ಮೇಲೆ, ಎದ್ದು ಕಾಣುವಂತೆ, ತುಪ್ಪದ ಡಬ್ಬಿ ಮತ್ತು ಸಕ್ಕರೆ ಡಬ್ಬಿ ಇಟ್ಟ. ಇವೆರಡನ್ನು ನೋಡಿ ಗೂಢಚಾರ ಹತ್ತಿರ ಬರುತ್ತಾನೆ, ಗೋಡೆ ಹತ್ತುತ್ತಾನೆ, ಆಗ ಹಿಡಿಯುವುದು ಅಂತ ಅವನ ಲೆಕ್ಕ. ಒಲೆಯ ಮೇಲೆ ಏನಾದರೂ ಇರಬೇಕಲ್ಲ, ಒಳ್ಳೆ ಪದಾರ್ಥ ಹಾಳು ಮಾಡಿದರೆ ಅಮ್ಮ ಬೆನ್ನು ಮುರಿಯುತ್ತಾಳೆ ಅಂತ ಹರಿದ ಸೈಕಲ್ ಟ್ಯೂಬಿನ ತುಂಡೊಂದನ್ನು ಹಳೆ ಬಾಣಲೆಗೆ ಹಾಕಿ ಉರಿ ದೊಡ್ಡದು ಮಾಡಿದ. ನಮಗೆ ವಾಸನೆ ಇಲ್ಲ, ಹೊಗೆ ಮಾತ್ರ. ಮೊರಗಳ ಸಂದಿಯಿಂದ ನೋಡುತ್ತಾ, ಕೆಮ್ಮುತ್ತಾ ಕೂತೆವು. ಯಾರೂ ಗೋಡೆ ಹತ್ತಲಿಲ್ಲ. ಕೊನೆಗೆ ಹೋಗಿ ಮಾತಾಡಿಸಿ ಬಾ ಅಂತ ನನ್ನನ್ನು ಕಳಿಸಿದ.

ಚನ್ನವೀರಯ್ಯ ಗೋಡೆಯ ಹತ್ತಿರವೇ ಚಡಪಡಿಸುತ್ತಾ ನಿಂತಿದ್ದರು. ನಾನು, ಏನು ತಾತ, ನಮ್ಮನೆ ವಾಸನೆ ಬರ್ತಿದೆಯಾ ಅಂತ ಕೇಳಿದೆ. ಅವರು ಕಿಟಕಿಯ ಕಡೆ ನೋಡಿದರು. ತುಪ್ಪದ ಡಬ್ಬಿ ನೋಡಿದರು, ಸಕ್ಕರೆ ಡಬ್ಬಿ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡು ಹೇಳಿದರು.

"ಆಹಾ, ಬರದೇ ಇರುತ್ತಾ ಮಗಳೇ. ನಿಮ್ಮಮ್ಮ ಕೇಸರಿಬಾತ್ ಮಾಡ್ತಿರೋ ಹಾಗಿದೆ. ಘಮಘಮ ಅಂತಿದೆ."

ಸುಟ್ಟ ರಬ್ಬರಿನ ವಾಸನೆ ಆ ಹಿತ್ತಿಲಿನಲ್ಲಿ ಎಷ್ಟಿತ್ತೆಂದರೆ, ಗೋಡೆಯಾಚೆಗೆ ಬಗ್ಗಿದ ನನಗೇ ಕಣ್ಣಲ್ಲಿ ನೀರು ಬಂತು. ಕಾಗೆಗಳು ಮರ ಬಿಟ್ಟು ಹೋಗಿದ್ದವು.

ಗೂಢಚಾರನನ್ನು ಹಿಡಿಯಲು ಹೋಗಿ ನಾವು ಹಿಡಿದದ್ದು ಇದನ್ನು. ಆ ಮನುಷ್ಯನಿಗೆ ಮೂಗೇ ಕೆಲಸ ಮಾಡುತ್ತಿರಲಿಲ್ಲ. ಕೂಗಬೇಕಲ್ಲ ಅಂತ ಕುತ್ತಿಗೆ ಚಾಚಿ ನೋಡುತ್ತಿದ್ದರು, ಸಾಸಿವೆ ಸಿಡಿಯುವುದನ್ನು ಕೇಳಲು ಗೋಡೆಗೆ ಕಿವಿ ಕೊಡುತ್ತಿದ್ದರು, ಕನ್ನಡಿ ಕಟ್ಟಿದ್ದರು. ಈ ವಿಷಯ ನಮ್ಮಲ್ಲೇ ಇರಲಿ ಕಂಠಿ ಅಂದೆ. ಆದರೆ ಜೀವನದಲ್ಲಿ ಮೊದಲ ಸಲ ಒಂದು ಪತ್ತೇದಾರಿ ಸಫಲವಾದ ಹುಡುಗನಿಗೆ ಬಾಯಿ ಮುಚ್ಚಿಕೋ ಅಂದರೆ ಕೇಳುತ್ತಾನೆಯೇ? ಅಪ್ಪ ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಹೇಳಿ ಮುಗಿಸಿದ್ದ.

ಅಪ್ಪ ಕೆಟ್ಟವರಲ್ಲ. ಕಾರ್ಯದರ್ಶಿ, ಅಷ್ಟೇ. ಬೋರ್ಡಿನಲ್ಲಿ ಬರೆದದ್ದು ಬರೆದದ್ದೇ, ಆದರೆ ಮಕ್ಕಳ ಮಾತಿನ ಮೇಲೆ ಒಬ್ಬರನ್ನು ಮನೆ ಬಿಡಿಸುವುದು ನ್ಯಾಯವಲ್ಲ, ಬೀದಿಯ ಮುಂದೆ ಪರೀಕ್ಷೆಯಾಗಲಿ ಅಂದರು. ಭಾನುವಾರ ಬೀದಿಯವರೆಲ್ಲ ಚನ್ನವೀರಯ್ಯನ ಮನೆಯಲ್ಲಿ ಸೇರುವುದು. ನಮ್ಮ ಒಲೆಯ ಮೇಲೆ ಏನೋ ಒಂದನ್ನು ಬೇಯಿಸುವುದು. ಅದೇನೆಂದು ಚನ್ನವೀರಯ್ಯ ಹೇಳಿದರೆ ಇರುವುದು, ಹೇಳದಿದ್ದರೆ ಅವತ್ತೇ ಮನೆ ಖಾಲಿ ಮಾಡುವುದು. ಗುಬ್ಬಿ ಅತ್ತು ಅತ್ತು ಮೂಗು ಕೆಂಪು ಮಾಡಿಕೊಂಡಳು. ಅಮ್ಮ ಅಪ್ಪನಿಗೆ ಒಂದೇ ಮಾತು ಹೇಳಿದಳು, ಇದಕ್ಕೆ ನಾನು ಒಲೆ ಹಚ್ಚುವುದಿಲ್ಲ ಅಂತ. ಹೇಳಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದಳು. ಹಾಗಾಗಿ ಒಲೆಯ ಕೆಲಸ ಕಂಠಿಯ ಪಾಲಿಗೆ ಬಂತು. ಏನು ಬೇಯಿಸುವುದು ಅಂತ ಯಾರಿಗೂ ತಿಳಿಯಬಾರದು, ನನಗೂ ಹೇಳಬೇಡಿ, ನೀವೇ ಆರಿಸಿಕೊಳ್ಳಿ ಅಂದರು ಅಪ್ಪ. ಕಂಠಿ ಕಾದ ಎಣ್ಣೆಗೆ ಇಂಗು ಹಾಕುವುದು ಅಂತ ಆರಿಸಿದ.

ನನಗೂ ಒಂದು ಕೆಲಸ ಕೊಟ್ಟರು. ಚನ್ನವೀರಯ್ಯನ ಮನೆಯ ಹಿಂಬಾಗಿಲಲ್ಲಿ ನಿಂತರೆ ಒಳಗಿನ ನಡುಮನೆಯೂ ಕಾಣುತ್ತದೆ, ಗೋಡೆಯಾಚೆ ನಮ್ಮ ಅಡಿಗೆಮನೆಯ ಕಿಟಕಿಯೂ ಕಾಣುತ್ತದೆ. ಅಲ್ಲಿ ನಾನು ನಿಲ್ಲಬೇಕು. ಎಲ್ಲರೂ ಕೂತು ಸಿದ್ಧವಾದ ಮೇಲೆ ಅಪ್ಪ ತಲೆಯಾಡಿಸುತ್ತಾರೆ. ನಾನು ಅವರ ಕೆಂಪು ಟವೆಲನ್ನು ಎತ್ತಿ ಬೀಸಬೇಕು. ಅದನ್ನು ನೋಡಿ ಕಂಠಿ ಒಲೆ ಹಚ್ಚಬೇಕು. ಮುಂಚೆ ಹಚ್ಚಿದರೆ ಎಣ್ಣೆ ವಾಸನೆಯಿಂದಲೇ ಗುಟ್ಟು ಬಯಲಾಗುತ್ತದಲ್ಲ, ಅದಕ್ಕೆ.

ಭಾನುವಾರ ಬೀದಿಗೆ ಬೀದಿಯೇ ಬಂತು. ಕನ್ನಡಿಯನ್ನು ಮರದಿಂದ ಬಿಚ್ಚಿ ತಂದು ಸಾಕ್ಷಿಯೆಂದು ನಡುಮನೆಯಲ್ಲಿಟ್ಟರು. ಕೂರಲು ಕುರ್ಚಿ ಸಾಲದೆ ಜನ ಹಗ್ಗ ಬಿಗಿದ ಪೆಟ್ಟಿಗೆಗಳ ಮೇಲೆ ಕೂತರು. ಸರ್ವಮಂಗಳಮ್ಮ ಮುಂದಿನ ಸಾಲಿನಲ್ಲಿ, ಮೂಗುಬೊಟ್ಟು ಸರಿಮಾಡಿಕೊಂಡು. ಪಕ್ಕದಲ್ಲಿ ಸಮಿತಿಯ ಅಧ್ಯಕ್ಷರು ಮರಿಸ್ವಾಮಿ ಮೇಷ್ಟ್ರು. ಅವರಿಗೆ ಆ ವಾರ ಎಂಥಾ ನೆಗಡಿಯಾಗಿತ್ತೆಂದರೆ ಮಾತಾಡಿದರೆ ಕೊಳವೆಯೊಳಗಿಂದ ಬಂದ ಹಾಗಿತ್ತು. ನಡುವೆ ಚನ್ನವೀರಯ್ಯ ನಿಂತಿದ್ದರು. ಒಗೆದ ಪಂಚೆ ಉಟ್ಟಿದ್ದರು. ಗುಬ್ಬಿ ಯಾರ ಮಾತೂ ಕೇಳದೆ ಹೋಗಿ ಅವರ ಬೆರಳು ಹಿಡಿದುಕೊಂಡು ನಿಂತಳು.

ಅಪ್ಪ ನಿಯಮ ಓದಿ ಹೇಳಿ ನನ್ನ ಕಡೆ ತಲೆಯಾಡಿಸಿದರು. ನಾನು ತಿರುಗಬೇಕು, ಟವೆಲ್ ಎತ್ತಬೇಕು. ಕಿಟಕಿಯಲ್ಲಿ ಕಂಠಿ ಒಂದು ಕೈಯಲ್ಲಿ ಬೆಂಕಿಪೊಟ್ಟಣ, ಒಂದು ಕೈಯಲ್ಲಿ ಇಂಗಿನ ಡಬ್ಬಿ ಹಿಡಿದು ಸೈನಿಕನ ಹಾಗೆ ನಿಂತಿದ್ದ. ನನ್ನ ಕೈ ಏಳಲಿಲ್ಲ. ಇನ್ನೊಂದು ಕ್ಷಣ ತಡೆಯೋಣ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಸರ್ವಮಂಗಳಮ್ಮನ ದನಿ ಬಂತು. ಬಂತು, ಬಂತು ಅಂದರು. ಆಹಾ, ಬೆಳ್ಳುಳ್ಳಿ ಒಗ್ಗರಣೆ, ತುಸು ಹೆಚ್ಚೇ ಕೆಂಪಾಗಿದೆ ಅಂದರು.

ನಾನು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಸುಮ್ಮನೆ ನಿಂತೆ.

ಮೇಷ್ಟ್ರು ಆ ನೆಗಡಿಯ ದನಿಯಲ್ಲೇ, ಬೆಳ್ಳುಳ್ಳಿ ಇರಬಹುದು, ಆದರೆ ಮೊದಲು ಬಂದದ್ದು ಮೆಂತ್ಯ ಅಂದರು. ಪೆಟ್ಟಿಗೆಯ ಮೇಲೆ ಕೂತವರೊಬ್ಬರು ತುಪ್ಪದಲ್ಲಿ ಗೋಡಂಬಿ ಅಂದರು. ಯಾರೋ ಬದನೆಕಾಯಿ ಸುಡುತ್ತಿದ್ದಾರೆ ಅಂದರು. ಒಬ್ಬರು ಹೇಳಿದ ಮೇಲೆ ಇನ್ನೊಬ್ಬರು ಸುಮ್ಮನಿದ್ದರೆ ಅವರ ಮೂಗಿನ ಮರ್ಯಾದೆ ಏನಾಗಬೇಕು? ಮಾತು ಜಗಳಕ್ಕೆ ತಿರುಗುವ ಹೊತ್ತಿಗೆ ಅಪ್ಪ ಕಾರ್ಯದರ್ಶಿಯಾಗಿ ಎದ್ದು ನಿಂತು, ಮೂಗನ್ನು ಎರಡು ಸಲ ಮೇಲೆತ್ತಿ, ಮೆಂತ್ಯವೂ ಇದೆ, ಬೆಳ್ಳುಳ್ಳಿಯೂ ಇದೆ, ಎರಡೂ ಕಡೆಯವರು ಸರಿ ಅಂತ ರಾಜಿ ಮಾಡಿದರು. ಆಮೇಲೆ ಚನ್ನವೀರಯ್ಯನ ಕಡೆ ತಿರುಗಿ ನೀವು ಹೇಳಿ ಅಂದರು.

ನೋಡಿ, ಉತ್ತರವನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಬೆಳ್ಳುಳ್ಳಿ ಅಂದರೆ ಸಾಕು, ಸರ್ವಮಂಗಳಮ್ಮನೇ ಸಾಕ್ಷಿ. ಮನೆ ಉಳಿಯುತ್ತದೆ. ನಾನು ಮನಸ್ಸಿನಲ್ಲೇ ಹೇಳಿ ತಾತ, ಹೇಳಿ ಅಂದುಕೊಳ್ಳುತ್ತಿದ್ದೆ. ಚನ್ನವೀರಯ್ಯ ನನ್ನ ಕಡೆ ನೋಡಿದರು. ನನ್ನ ಹೆಗಲ ಮೇಲಿದ್ದ ಟವೆಲನ್ನು ನೋಡಿದರು. ಆಮೇಲೆ ತಾವು ಹಗ್ಗ ಬಿಗಿದ ಪೆಟ್ಟಿಗೆಗಳನ್ನು ನೋಡಿದರು.

"ನನಗೆ ಏನೂ ಬರ್ತಿಲ್ಲ ಸ್ವಾಮಿ," ಅಂದರು. "ಇವತ್ತೂ ಇಲ್ಲ, ಯಾವತ್ತೂ ಬಂದಿಲ್ಲ. ಸಣ್ಣವನಿದ್ದಾಗ ಜ್ವರ ಬಂದು ಹೋಯ್ತು, ಅದರ ಜೊತೆ ಮೂಗೂ ಹೋಯ್ತು. ಈ ಊರಲ್ಲಿ ಹೋದ ಬೀದಿಯಲ್ಲೆಲ್ಲ ಯಾರಾದರೂ ಕೇಳೋ ಮುಂಚೆ ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಡ್ತಿದ್ದೆ. ಇಲ್ಲಿಂದ ಹೋಗೋಕೆ ಮನಸ್ಸು ಬರಲಿಲ್ಲ, ಅದಕ್ಕೇ ಸಿಕ್ಕಿಬಿದ್ದೆ. ಮಕ್ಕಳು ಹೇಳಿದ್ದು ನಿಜ."

ಸರ್ವಮಂಗಳಮ್ಮ ನಾನು ಹೇಳಲಿಲ್ಲವೇ ಅನ್ನುವ ಹಾಗೆ ಸುತ್ತ ನೋಡಿದರು. ಆಕೆ ಏನೂ ಹೇಳಿರಲಿಲ್ಲ. ಮೇಷ್ಟ್ರು ಅಯ್ಯೋ ಪಾಪ ಅಂದರು, ಅಂದು ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ ಅಂತ ಕೇಳಿದರು. ಗುಬ್ಬಿ ಬೆರಳು ಬಿಡಲಿಲ್ಲ. ಆಗ ನನ್ನ ಪಕ್ಕದಿಂದ ನುಗ್ಗಿಕೊಂಡು ಕಂಠಿ ಒಳಗೆ ಬಂದ. ಕಿಟಕಿಯಲ್ಲಿ ನಿಂತು ನಿಂತು ಕಾಲು ನೋವು ಬಂದು ಗೋಡೆ ಹಾರಿ ಬಂದಿದ್ದ. ಮುಖ ಕೆಂಡವಾಗಿತ್ತು.

"ಅಪ್ಪ, ಒಲೆ ಯಾವಾಗ ಹಚ್ಚಲಿ? ಇವಳು ಟವೆಲ್ ಎತ್ತಲೇ ಇಲ್ಲ!"

ಅವನ ಕೈಯಲ್ಲಿದ್ದ ಇಂಗಿನ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಪೆಟ್ಟಿಗೆಯ ಮೇಲಿದ್ದ ಗೋಡಂಬಿಯವರು ಕೆಳಗೆ ನೋಡತೊಡಗಿದರು. ಸರ್ವಮಂಗಳಮ್ಮ, ಹಾಗಾದರೆ ಅದು ಬೇರೆ ಯಾರ ಮನೆಯದೋ ಇರಬೇಕು ಅಂದರು. ಬಲಗಡೆಯ ನಮ್ಮ ಮನೆಯನ್ನು ಬಿಟ್ಟು ಬೇರೆ ಯಾರದೂ ಅಲ್ಲಿಗೆ ಬರುವ ಹಾಗಿಲ್ಲ ಅಂತ ಬೀದಿಯ ಕೂಸಿಗೂ ಗೊತ್ತು. ಅಪ್ಪ ಎದ್ದು ನಮ್ಮ ಅಡಿಗೆಮನೆಗೆ ಹೋದರು, ಒಲೆ ಮುಟ್ಟಿ ನೋಡಿದರು, ವಾಪಸು ಬಂದರು. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಎರಡೂ ಕಡೆಯವರು ಸರಿ ಅಂದವರು ಅವರೇ ತಾನೇ. ಇಷ್ಟು ಮೂಗುಗಳಿದ್ದ ಮನೆಯಲ್ಲಿ ನಿಜ ಹೇಳಿದವರು ಆ ಒಬ್ಬರೇ ಅಂತ ಗುಬ್ಬಿಗೂ ಅರ್ಥವಾಗಿತ್ತು. ಅಪ್ಪ ಗಂಟಲು ಸರಿಮಾಡಿಕೊಂಡು, ತಾಂತ್ರಿಕ ಕಾರಣಗಳಿಂದ ಪರೀಕ್ಷೆಯನ್ನು ಮುಂದೂಡಲಾಗಿದೆ ಅಂದರು. ಜನ ಒಬ್ಬೊಬ್ಬರಾಗಿ, ಮನೆಯಲ್ಲಿ ಕೆಲಸವಿದೆ ಅನ್ನುತ್ತಾ ಜಾರಿಕೊಂಡರು. ಆ ಪರೀಕ್ಷೆ ಇವತ್ತಿನವರೆಗೂ ಮುಂದೂಡಿಯೇ ಇದೆ.

ಎಲ್ಲರೂ ಹೋದ ಮೇಲೆ ನಾನು ಚನ್ನವೀರಯ್ಯನನ್ನು, ಟವೆಲ್ ಎತ್ತಲಿಲ್ಲ ಅಂತ ನಿಮಗೆ ಕಂಡಿತ್ತಲ್ಲವಾ ತಾತ, ಎಲ್ಲರೂ ಸುಳ್ಳು ಹೇಳ್ತಿದ್ದಾರೆ ಅಂತ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನೋಡೋದೇ ನನ್ನ ಕೆಲಸ ಅಲ್ಲವೇನಮ್ಮ, ಕಂಡಿತ್ತು ಅಂದರು. ಹಗ್ಗ ಬಿಗಿದು ಬಿಗಿದು ಕೈ ಸೋತುಹೋಗಿತ್ತು, ಅದಕ್ಕೇ ಹೇಳಿಬಿಟ್ಟೆ ಅಂದರು. ಆ ಸಂಜೆ ಪೆಟ್ಟಿಗೆಗಳ ಹಗ್ಗ ಬಿಚ್ಚಿದರು. ಕಂಠಿ ಪೆಟ್ಟಿಗೆಗಳಲ್ಲಿ ಏನಿದೆ ಅಂತ ಇಣುಕಿ ನೋಡಿದ. ಕಂಬಳಿ, ಲೋಟ, ಒಂದು ಹಳೇ ರೇಡಿಯೋ. ಅವನಿಗೆ ಬಹಳ ನಿರಾಸೆಯಾಯಿತು. ಆ ಹಗ್ಗದಲ್ಲಿ ಸೀಬೆಮರಕ್ಕೆ ಗುಬ್ಬಿಗೊಂದು ಜೋಕಾಲಿ ಕಟ್ಟಿದರು. ಕನ್ನಡಿಯನ್ನು ಕಂಠಿಯೇ ಮರ ಹತ್ತಿ ಮತ್ತೆ ಕಟ್ಟಿಕೊಟ್ಟ, ಮೊದಲಿಗಿಂತ ಚೆನ್ನಾಗಿ ಒಲೆ ಕಾಣುವ ಹಾಗೆ.

ಮಾರನೆಯ ದಿನ ನಾನು ಹಾಸಿಗೆ ಹೊದಿಕೆ ತೆಗೆಯಲು ನಮ್ಮನೆಯ ಟ್ರಂಕು ತೆರೆದರೆ ಅಡಿಗೆಮನೆಯ ಹೂವಿನ ಪರದೆ ಅಲ್ಲಿತ್ತು. ಅಮ್ಮ ಒಗೆದು, ಮಡಚಿ, ನುಸಿಗುಳಿಗೆ ಹಾಕಿ ತಳದಲ್ಲಿಟ್ಟಿದ್ದಳು. ಒಣಗಿ ಎಷ್ಟೋ ದಿನವಾಗಿತ್ತು. ಅದನ್ನು ಹಿಡಿದುಕೊಂಡು ಅಡಿಗೆಮನೆಗೆ ಹೋಗಿ, ತಾತನ ಮೂಗಿನ ವಿಷಯ ನಿನಗೆ ಯಾವಾಗಿನಿಂದ ಗೊತ್ತಿತ್ತಮ್ಮ ಅಂತ ಕೇಳಿದೆ. ಅಮ್ಮ ಒಲೆಯ ಮುಂದೆ ನಿಂತಿದ್ದಳು.

"ಅವರು ಬಂದ ವಾರವೇ," ಅಂದಳು. "ಸರ್ವಮಂಗಳಮ್ಮನಿಗೆ ಅಷ್ಟು ದೊಡ್ಡ ಮೂಗಿತ್ತಲ್ಲ, ನಮ್ಮ ಅನ್ನ ಸೀದಾಗ ಒಂದು ಸಲ ಕೂಗಿದ್ದು ನೆನಪಿದೆಯಾ ನಿನಗೆ?"

ಎಷ್ಟು ನೆನಪು ಮಾಡಿಕೊಂಡರೂ ಬರಲಿಲ್ಲ. ಸೀದ ಸುದ್ದಿ ಮಾರನೆಯ ದಿನ ಬೀದಿಯಲ್ಲಿ ಕೇಳಿದ್ದು ಮಾತ್ರ ನೆನಪಿತ್ತು. ಇಷ್ಟು ದಿನ ಮೊರ ನಿಲ್ಲಿಸಿ, ಟ್ಯೂಬು ಸುಟ್ಟು ಪತ್ತೇದಾರಿ ಮಾಡಿದ ನಾವು, ಮನೆಯೊಳಗಿನ ಒಲೆ ಯಾಕೆ ಜಾಗ ಬದಲಿಸಿತು ಅಂತ ಒಂದು ಸಲವೂ ಯೋಚಿಸಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಅಮ್ಮನನ್ನು ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ತಬ್ಬಿಕೊಳ್ಳಲು ಹೋದರೆ ಸ್ವಲ್ಪ ತಡಿ ಅಂದಳು. ಒಲೆಯ ಮೇಲೆ ಸಾರು ನೊರೆಗಟ್ಟಿ ಅಂಚಿಗೆ ಬಂದಿತ್ತು. ಅಮ್ಮ ಮಸಿಬಟ್ಟೆ ಹಿಡಿದು ಎರಡೂ ಕೈಯನ್ನು ಪಾತ್ರೆಯ ಪಕ್ಕದಲ್ಲೇ ಇಟ್ಟುಕೊಂಡು ನಿಂತಿದ್ದಳು, ಇಳಿಸುತ್ತಿರಲಿಲ್ಲ. ಉಕ್ಕುತ್ತಮ್ಮಾ ಅಂತ ನಾನು ಬಾಯಿ ತೆರೆದೆ. ಸುಮ್ಮನಿರು ಅಂತ ಕಣ್ಣು ಬಿಟ್ಟಳು.

ಗೋಡೆಯಾಚೆಯಿಂದ ಚನ್ನವೀರಯ್ಯ, ಸಾರು ಆಯ್ತಮ್ಮಾ, ಇಳಿಸಿ ಅಂತ ಕೂಗಿದರು. ಆಗ ಇಳಿಸಿದಳು.